ಕ್ಯಾಲ್ಕುಲಸ್‌ಗೆ ಮೊದಲು ಏಳನೇ ತರಗತಿಯ ಪುಸ್ತಕ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ನಿವೃತ್ತ ಗಣಿತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)

 

ಮಾನ್ಯ ಅಧ್ಯಕ್ಷರೇ, ಟ್ರಸ್ಟಿನ ಪದಾಧಿಕಾರಿಗಳೇ, ದಾನಿಗಳೇ, ಕೆಲಸ ಬಿಟ್ಟು ಬಂದು ಕುಳಿತಿರುವ ತಂದೆ ತಾಯಂದಿರೇ, ಪ್ರೀತಿಯ ಮಕ್ಕಳೇ,

ಇವತ್ತು ವೇದಿಕೆಗೆ ಕರೆದು ಶಾಲು ಹೊದೆಸಿದ ಮಕ್ಕಳ ಬಗ್ಗೆ ಎಲ್ಲರೂ ಮಾತನಾಡಿದ್ದಾರೆ. ಅವರಿಗೆ ನಮ್ಮ ಅಭಿನಂದನೆಯೂ ಸೇರಲಿ. ನಮಗೆ ಸಿಕ್ಕಿರುವ ಸಮಯದಲ್ಲಿ ನಾವು ವೇದಿಕೆಗೆ ಕರೆಯದ ಮಕ್ಕಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಈ ಟ್ರಸ್ಟಿನ ಹಣದಿಂದ ಪಿಯುಸಿ ವಿಜ್ಞಾನಕ್ಕೋ ಎಂಜಿನಿಯರಿಂಗಿಗೋ ಸೇರಿ, ಗಣಿತದಲ್ಲಿ ಸಿಕ್ಕಿಕೊಂಡು, ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿಲ್ಲದೆ ಹೋದ ಮಕ್ಕಳವರು.

ನಾವು ಎಂದರೆ ಮೂವರು ನಿವೃತ್ತ ಶಿಕ್ಷಕರು. ಮೂವರೂ ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಈಗ ಏಪ್ರಿಲ್, ಮೇ ತಿಂಗಳ ಭಾನುವಾರಗಳಂದು ಟ್ರಸ್ಟಿನ ಮೇಲ್ಮಹಡಿಯ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಳೆಯ ಗಣಿತವನ್ನು ಮತ್ತೆ ಮಾಡಿಸುತ್ತೇವೆ. ಹೊಸದೇನನ್ನೂ ಕಲಿಸುವುದಿಲ್ಲ. ಏಕೆ ಹೀಗೆ ಎಂದು ಕೇಳುವವರಿದ್ದಾರೆ. ಕಾಲೇಜಿನ ಮಕ್ಕಳಿಗೆ ಏಳನೇ ತರಗತಿಯ ಲೆಕ್ಕವೇ ಎಂದು ನಕ್ಕವರೂ ಇದ್ದಾರೆ. ಅದಕ್ಕೆ ಉತ್ತರವಾಗಿ ಒಬ್ಬ ಹುಡುಗನ ಕಥೆಯಿಂದ ಆರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಹುಡುಗನ ತಂದೆ ಗಾರೆ ಕೆಲಸದವರು, ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ. ಎಂಜಿನಿಯರ್ ಆಗಬೇಕೆಂದು ವಿಜ್ಞಾನಕ್ಕೆ ಸೇರಿದ. ಈ ಟ್ರಸ್ಟೇ ಶುಲ್ಕ ಕಟ್ಟಿತು. ಮೊದಲ ವರ್ಷ ಹೇಗೋ ದಾಟಿದ. ಎರಡನೇ ವರ್ಷ ಗಣಿತದಲ್ಲಿ ಫೇಲಾದ. ಒಂದು ವಿಷಯದಲ್ಲಿ ಅನುತ್ತೀರ್ಣರಾದರೆ ವಿದ್ಯಾರ್ಥಿವೇತನ ಮುಂದುವರಿಯುವುದಿಲ್ಲ ಎಂಬುದು ನಮ್ಮ ನಿಯಮ. ಅವನು ಪೂರಕ ಪರೀಕ್ಷೆಯನ್ನೂ ಬರೆಯಲಿಲ್ಲ. ಟೈಲ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ. ಅಂಗಡಿಯ ಕೆಲಸ ಮರ್ಯಾದೆಯ ಕೆಲಸವೇ. ಆದರೆ ಅದನ್ನು ಅವನು ಬಯಸಿ ಆರಿಸಿಕೊಳ್ಳಲಿಲ್ಲ, ಬೇರೆ ಬಾಗಿಲು ಮುಚ್ಚಿತೆಂದು ಅಲ್ಲಿಗೆ ಹೋದ.

ಒಂದು ಮದುವೆ ಮನೆಯಲ್ಲಿ ಸಿಕ್ಕಿದ. "ಮಾಸ್ಟ್ರೇ, ಕ್ಯಾಲ್ಕುಲಸ್ ನನ್ನ ತಲೆಗೆ ಹತ್ತಲಿಲ್ಲ" ಎಂದ. ನಿನ್ನ ನೋಟ್ ಪುಸ್ತಕ ಇದ್ದರೆ ತಂದು ತೋರಿಸಪ್ಪ ಎಂದೆವು. ಹಳೆಯ ಪುಸ್ತಕಗಳನ್ನು ಅವನ ಉಮ್ಮ ಮಾರದೆ ಕಟ್ಟಿ ಇಟ್ಟಿದ್ದರು. ಮರುವಾರ ತಂದು ಕೊಟ್ಟ. ನಾವು ಮೂವರೂ ಕುಳಿತು ಪುಟ ಪುಟ ನೋಡಿದೆವು.

ಕ್ಯಾಲ್ಕುಲಸ್ ಅವನ ತಲೆಗೆ ಚೆನ್ನಾಗಿಯೇ ಹತ್ತಿತ್ತು. ಸೂತ್ರ ಸರಿ, ಹಂತಗಳ ಕ್ರಮ ಸರಿ, ಯಾವ ಲೆಕ್ಕಕ್ಕೆ ಯಾವ ವಿಧಾನ ಎಂಬ ತಿಳಿವಳಿಕೆಯೂ ಸರಿ. ತಪ್ಪುತ್ತಿದ್ದದ್ದು ಒಂದೇ ಕಡೆ. ಆವರಣದ ಮುಂದೆ ಮೈನಸ್ ಚಿಹ್ನೆ ಬಂದಾಗ ಅವನು ಆವರಣ ತೆಗೆದು, ಮೊದಲ ಪದಕ್ಕೆ ಮಾತ್ರ ಮೈನಸ್ ಹಾಕಿ, ಎರಡನೆಯದನ್ನು ಹಾಗೆಯೇ ಬಿಡುತ್ತಿದ್ದ. ಎಕ್ಸ್‌ನಿಂದ, ಎಕ್ಸ್ ಮತ್ತು ಎಚ್‌ಗಳ ಮೊತ್ತವನ್ನು ಕಳೆದರೆ ಮೈನಸ್ ಎಚ್ ಉಳಿಯಬೇಕು. ಅವನಿಗೆ ಪ್ಲಸ್ ಎಚ್ ಉಳಿಯುತ್ತಿತ್ತು. ಅಲ್ಲಿಂದ ಮುಂದೆ ಎಷ್ಟು ಸರಿಯಾಗಿ ನಡೆದರೂ ತಲುಪುವುದು ತಪ್ಪು ಊರಿಗೇ. ಹಿಂದಿನ ಉತ್ತರ ಹಾಳೆಯಲ್ಲಿ ಪುಸ್ತಕದ ಉತ್ತರಕ್ಕೂ ತನ್ನ ಉತ್ತರಕ್ಕೂ ತಾಳೆಯಾಗದೆ ಅವನು ಪುಟದ ಬದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದ. ಅಂಥ ಚಿಹ್ನೆಗಳು ಪುಸ್ತಕದ ತುಂಬ ಇದ್ದವು.

ಆವರಣ ಬಿಡಿಸುವುದು ಎಂಟನೇ ತರಗತಿಯ ಪಾಠ. ಆ ಹುಡುಗನಿಗೆ ಎಂಟನೇ ತರಗತಿಯಲ್ಲಿ ಗಣಿತ ಕಲಿಸಿದವರು ನಾವೇ. ಅವತ್ತು ಕೊನೆಯ ಉತ್ತರಕ್ಕೆ ಕೆಂಪು ಗೀಟು ಹಾಕಿ ಪುಸ್ತಕ ಹಿಂದೆ ಕೊಟ್ಟಿದ್ದೆವು. ಎಲ್ಲಿ ತಪ್ಪಿದೆ ಎಂದು ಪಕ್ಕದಲ್ಲಿ ಕೂರಿಸಿ ತೋರಿಸಿರಲಿಲ್ಲ. ಪೋರ್ಶನ್ ಮುಗಿಸಬೇಕಿತ್ತು, ತರಗತಿಯಲ್ಲಿ ಮಕ್ಕಳು ಹೆಚ್ಚಿದ್ದರು. ಈ ಮಾತುಗಳೆಲ್ಲ ನಿಜ. ಆದರೂ ಅದು ನಮ್ಮ ಲೆಕ್ಕದಲ್ಲಿ ಉಳಿದ ಬಾಕಿ. ಆ ಬಾಕಿ ತೀರಿಸಲೆಂದೇ ಈ ಭಾನುವಾರದ ತರಗತಿ ಆರಂಭವಾಯಿತು.

ಇಲ್ಲಿರುವ ಅನೇಕ ತಂದೆ ತಾಯಂದಿರಿಗೆ ಕ್ಯಾಲ್ಕುಲಸ್ ಎಂದರೇನೆಂದು ತಿಳಿದಿರಲಿಕ್ಕಿಲ್ಲ. ಅದು ಭಯಪಡುವ ವಿಷಯವಲ್ಲ. ಮಂಗಳೂರಿನಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್. ಬಸ್ಸು ಒಂದೂವರೆ ಗಂಟೆಯಲ್ಲಿ ತಲುಪಿತು ಎಂದುಕೊಳ್ಳಿ. ಗಂಟೆಗೆ 40 ಕಿಲೋಮೀಟರಿನ ಸರಾಸರಿ ವೇಗ. ಆದರೆ ಬಸ್ಸು ಎಲ್ಲಾ ಕಡೆಯೂ 40ರಲ್ಲೇ ಓಡಿತೇ? ನಿಲ್ದಾಣದಲ್ಲಿ ನಿಂತಿತ್ತು, ಹೆದ್ದಾರಿಯಲ್ಲಿ ಜೋರಾಗಿ ಓಡಿತು. ಈ ಕ್ಷಣದಲ್ಲಿ ವೇಗವೆಷ್ಟು ಎಂದು ಡ್ರೈವರನ ಮುಂದಿರುವ ಮುಳ್ಳು ತೋರಿಸುತ್ತದೆ. ಸರಾಸರಿಯಿಂದ ಆ ಕ್ಷಣದ ವೇಗಕ್ಕೆ ಹೋಗುವ ದಾರಿಯೇ ಕ್ಯಾಲ್ಕುಲಸ್‌ನ ಮೊದಲ ಪಾಠ. ಕನ್ನಡದಲ್ಲಿ ಇದನ್ನು ಕಲನಶಾಸ್ತ್ರ ಎನ್ನುತ್ತಾರೆ. ಪ್ರಥಮ ಪಿಯುಸಿಯಲ್ಲಿ ಇದರ ಪರಿಚಯ ಮಾತ್ರ. ದ್ವಿತೀಯ ಪಿಯುಸಿಯ ಗಣಿತದಲ್ಲಿ ದೊಡ್ಡ ಪಾಲು ಇದೇ. ಎಂಜಿನಿಯರಿಂಗಿಗೆ ಹೋದರೆ ಇದಿಲ್ಲದೆ ಒಂದು ಹೆಜ್ಜೆಯೂ ನಡೆಯುವುದಿಲ್ಲ. ಡಿಪ್ಲೊಮಾ ಮುಗಿಸಿ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ಮಕ್ಕಳಿಗಂತೂ ಉಸಿರಾಡಲು ಸಮಯವಿರುವುದಿಲ್ಲ.

ನಮ್ಮ ತರಗತಿಯಲ್ಲಿ ಮೊದಲ ದಿನ ನಾವು ಮಾಡಿಸುವುದು ತೆಂಗಿನಕಾಯಿಯ ಲೆಕ್ಕ. ಮರದಿಂದ ಕಾಯಿ ಬಿದ್ದರೆ ಅದು ಇಳಿದ ದೂರ, ಸೆಕೆಂಡುಗಳ ವರ್ಗವನ್ನು ಸುಮಾರು 5ರಿಂದ ಗುಣಿಸಿದಷ್ಟು ಮೀಟರ್. ಒಂದು ಸೆಕೆಂಡಿಗೆ 5 ಮೀಟರ್, ಎರಡು ಸೆಕೆಂಡಿಗೆ 20 ಮೀಟರ್. ಹಾಗಾದರೆ ಸರಿಯಾಗಿ ಒಂದನೇ ಸೆಕೆಂಡಿನಲ್ಲಿ ಅದರ ವೇಗವೆಷ್ಟು? ಒಂದು ಸೆಕೆಂಡಿನ ನಂತರ ಇನ್ನೊಂದು ಚಿಕ್ಕ ಅವಧಿ ತೆಗೆದುಕೊಳ್ಳಬೇಕು. ಅದನ್ನು ಎಚ್ ಎನ್ನೋಣ. ಒಂದು ಮತ್ತು ಎಚ್‌ಗಳ ಮೊತ್ತವನ್ನು ವರ್ಗ ಮಾಡಿ 5ರಿಂದ ಗುಣಿಸಿ, ಮೊದಲಿನ 5 ಕಳೆದು, ಎಚ್‌ನಿಂದ ಭಾಗಿಸಬೇಕು. ವರ್ಗವನ್ನು ಸರಿಯಾಗಿ ಬಿಡಿಸಿದರೆ ಒಂದು, ಎರಡು ಎಚ್, ಎಚ್ ವರ್ಗ ಎಂಬ ಮೂರು ಪದ ಬರುತ್ತವೆ. ಕೊನೆಗೆ ಉಳಿಯುವುದು 10 ಮತ್ತು ಐದು ಎಚ್. ಎಚ್ ಸೊನ್ನೆಯ ಕಡೆಗೆ ಸರಿದಂತೆ ಉತ್ತರ 10ಕ್ಕೆ ಬಂದು ನಿಲ್ಲುತ್ತದೆ. ಸೆಕೆಂಡಿಗೆ 10 ಮೀಟರ್ ವೇಗ.

ಇದರಲ್ಲಿ ಹೊಸ ವಿಚಾರ ಎಷ್ಟಿದೆ ನೋಡಿ. ಎಚ್ ಸೊನ್ನೆಯ ಕಡೆಗೆ ಸರಿಯುವ ಕೊನೆಯ ಒಂದು ಹೆಜ್ಜೆ ಮಾತ್ರ ಕ್ಯಾಲ್ಕುಲಸ್. ಅದಕ್ಕೆ ಮೊದಲಿನದೆಲ್ಲ ಏಳು, ಎಂಟನೇ ತರಗತಿಯ ಲೆಕ್ಕ. ಮಗು ಅಲ್ಲಿ ಮೊತ್ತದ ವರ್ಗವೆಂದರೆ ಎರಡರ ವರ್ಗಗಳ ಮೊತ್ತ ಎಂದು ಬರೆದು ನಡುವಿನ ಎರಡು ಎಚ್ ಬಿಟ್ಟರೆ ಏನಾಗುತ್ತದೆ? ಉಳಿಯುವುದು ಐದು ಎಚ್ ಮಾತ್ರ. ಎಚ್ ಸೊನ್ನೆಗೆ ಸರಿದರೆ ಉತ್ತರವೂ ಸೊನ್ನೆ. ಅಂದರೆ ಮರದಿಂದ ಬಿದ್ದ ಕಾಯಿ ನಡುಗಾಳಿಯಲ್ಲೇ ನಿಂತುಬಿಟ್ಟಿತು! ಇದನ್ನು ಹೇಳಿದಾಗ ಮಕ್ಕಳು ಜೋರಾಗಿ ನಗುತ್ತಾರೆ. ಆಮೇಲೆ ತಮ್ಮ ಪುಸ್ತಕ ನೋಡಿಕೊಂಡು ಕೆಲವರು ಸುಮ್ಮನಾಗುತ್ತಾರೆ. ತಾವೂ ಕಾಯಿಯನ್ನು ಗಾಳಿಯಲ್ಲಿ ನಿಲ್ಲಿಸಿದ್ದೇವೆ ಎಂದು ಅವರಿಗೆ ಆಗ ಗೊತ್ತಾಗುತ್ತದೆ.

ನಮ್ಮ ಅನುಭವದಲ್ಲಿ ಮಕ್ಕಳು ಎಡವುವ ಕಲ್ಲುಗಳು ಬಹಳ ಇಲ್ಲ. ಆರೇಳು ಇವೆ, ವರ್ಷ ವರ್ಷವೂ ಅವೇ.

ಮೊದಲನೆಯದು ಭಿನ್ನರಾಶಿ. ಎರಡು ಮತ್ತು ಮೂರರ ಮೊತ್ತ ಛೇದದಲ್ಲಿದ್ದರೆ ಅದನ್ನು ಅರ್ಧ ಮತ್ತು ಮೂರನೇ ಒಂದು ಎಂದು ಒಡೆದು ಬರೆಯುತ್ತಾರೆ. ಐದನೇ ಒಂದು ಪಾಲು ಬರಬೇಕಾದಲ್ಲಿ ಆರರಲ್ಲಿ ಐದು ಪಾಲು ಬರುತ್ತದೆ. ಒಂದು ರೊಟ್ಟಿಯಲ್ಲಿ ಚಿಕ್ಕ ತುಂಡು ಕೇಳಿದವನಿಗೆ ಹೆಚ್ಚುಕಡಿಮೆ ಇಡೀ ರೊಟ್ಟಿ ಕೊಟ್ಟ ಹಾಗೆ.

ಎರಡನೆಯದು ಆವರಣದ ಮುಂದಿನ ಮೈನಸ್. ಅದರ ಕಥೆ ಹೇಳಿ ಆಯಿತು.

ಮೂರನೆಯದು ವರ್ಗ ಮತ್ತು ವರ್ಗಮೂಲ. 9 ಮತ್ತು 16ನ್ನು ಕೂಡಿಸಿ ವರ್ಗಮೂಲ ತೆಗೆದರೆ 5. ಬೇರೆ ಬೇರೆಯಾಗಿ ತೆಗೆದು ಕೂಡಿಸಿದರೆ 7. ಎರಡೂ ಒಂದೇ ಎಂದು ಬರೆಯುವ ಮಕ್ಕಳು ಬುದ್ಧಿ ಇಲ್ಲದವರಲ್ಲ. ಸಂಖ್ಯೆ ಹಾಕಿ ನೋಡುವ ಅಭ್ಯಾಸ ಇಲ್ಲದವರು.

ನಾಲ್ಕನೆಯದು ಘಾತಾಂಕ. ಎರಡರ ಮೇಲೆ ಮೈನಸ್ ಮೂರು ಎಂದರೆ ಎಂಟರಲ್ಲಿ ಒಂದು. ವರ್ಗಮೂಲವೆಂದರೆ ಅರ್ಧ ಘಾತ. ಅನುಕಲನ, ಅಂದರೆ ಇಂಟಿಗ್ರೇಷನ್ ಮಾಡುವಾಗ ವರ್ಗಮೂಲವನ್ನು ಮೊದಲು ಅರ್ಧ ಘಾತವಾಗಿ ಬರೆಯಬೇಕು. ಆ ಅರ್ಧಕ್ಕೆ ಒಂದು ಕೂಡಿಸಿದರೆ ಒಂದೂವರೆ. ಆಮೇಲೆ ಆ ಒಂದೂವರೆಯಿಂದ ಭಾಗಿಸಬೇಕು. ಇಂಟಿಗ್ರೇಷನ್ ಸೂತ್ರವನ್ನು ಬಾಯಿಪಾಠ ಹೇಳುವ ಮಗು ಇಲ್ಲಿ ಭಿನ್ನರಾಶಿಯಿಂದ ಭಾಗಿಸಲು ಬಾರದೆ ಪೆನ್ನು ಕೆಳಗಿಡುತ್ತದೆ.

ಐದನೆಯದು ಫಂಕ್ಷನ್. ಇದು ಹಿಟ್ಟಿನ ಗಿರಣಿ ಇದ್ದಂತೆ. ಅಕ್ಕಿ ಹಾಕಿದರೆ ಅಕ್ಕಿ ಹಿಟ್ಟು, ರಾಗಿ ಹಾಕಿದರೆ ರಾಗಿ ಹಿಟ್ಟು. ಎರಡನ್ನೂ ಬೆರೆಸಿ ಹಾಕಿದರೆ ಎರಡೂ ಸೇರಿ ಒಳಗೆ ಹೋಗಬೇಕು. ಎಕ್ಸ್ ಮತ್ತು ಎಚ್ ಸೇರಿಸಿ ಹಾಕು ಎಂದರೆ ಮಕ್ಕಳು ಎಕ್ಸನ್ನು ಒಳಗೆ ಹಾಕಿ ಎಚ್ಚನ್ನು ಹೊರಗೆ ಇಟ್ಟುಬಿಡುತ್ತಾರೆ.

ಆರನೆಯದು ತ್ರಿಕೋನಮಿತಿ. ಸೈನ್ 30 ಡಿಗ್ರಿ ಎಂದರೆ ಅರ್ಧ, ಸೈನ್ 90 ಡಿಗ್ರಿ ಎಂದರೆ ಒಂದು. ಸೈನ್ 30ನ್ನೂ ಸೈನ್ 60ನ್ನೂ ಕೂಡಿಸಿದರೆ ಒಂದಕ್ಕಿಂತ ಹೆಚ್ಚಾಗುತ್ತದೆ. ಸೈನ್ ಎಂಬುದನ್ನು ಗುಣಿಸುವ ಸಂಖ್ಯೆಯೆಂದು ತಿಳಿದು ಆವರಣದಂತೆ ಬಿಡಿಸುವವರು ಇಲ್ಲಿ ತಪ್ಪುತ್ತಾರೆ. ಡಿಗ್ರಿಯಿಂದ ರೇಡಿಯನ್‌ಗೆ ಬದಲಾಯಿಸಲು ಮರೆತವರಿಗೂ ಮುಂದೆ ತೊಂದರೆ.

ಏಳನೆಯದು ಗಣಿತದ್ದಲ್ಲ, ಭಾಷೆಯದ್ದು. ಒಬ್ಬಳು ಹುಡುಗಿ ಮೊದಲ ಭಾನುವಾರ ಬಂದು ಎರಡು ಗಂಟೆ ಬಾಯಿ ಬಿಡದೆ ಕುಳಿತಿದ್ದಳು. ಏನಮ್ಮಾ, ಅರ್ಥವಾಗುತ್ತಿಲ್ಲವೇ ಎಂದು ಕೇಳಿದೆವು. ಮೆಲ್ಲಗೆ, "ಡಿನಾಮಿನೇಟರ್ ಅಂದ್ರೆ ಛೇದವಾ ಸರ್?" ಎಂದಳು. ಅವಳು ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಛೇದ, ಅಂಶ, ಘಾತಾಂಕ, ಅಪವರ್ತನ ಎಲ್ಲವೂ ಚೆನ್ನಾಗಿ ಗೊತ್ತಿತ್ತು. ಕಾಲೇಜಿನಲ್ಲಿ ಅವೇ ಸಂಗತಿಗಳು ಡಿನಾಮಿನೇಟರ್, ನ್ಯೂಮರೇಟರ್, ಎಕ್ಸ್‌ಪೋನೆಂಟ್, ಫ್ಯಾಕ್ಟರೈಸೇಷನ್ ಎಂಬ ಹೊಸ ಬಟ್ಟೆ ತೊಟ್ಟು ಬಂದಾಗ ಗುರುತು ಸಿಕ್ಕಿರಲಿಲ್ಲ. ಒಂದು ವರ್ಷ ಪೂರ್ತಿ ಅವಳು ತನಗೆ ಗಣಿತ ಬರುವುದಿಲ್ಲ ಎಂದುಕೊಂಡಿದ್ದಳು. ಅವತ್ತಿನಿಂದ ನಾವು ಪ್ರತಿ ಮಗುವಿಗೂ ಪುಸ್ತಕದ ಕೊನೆಯ ಪುಟದಲ್ಲಿ ಎರಡು ಕಾಲಂ ಹಾಕಿಸಿ, ಒಂದರಲ್ಲಿ ಕನ್ನಡ ಪದ, ಇನ್ನೊಂದರಲ್ಲಿ ಕಾಲೇಜಿನ ಪದ ಬರೆಸುತ್ತೇವೆ.

ಈ ಕಲ್ಲುಗಳು ಹತ್ತನೇ ತರಗತಿಯವರೆಗೆ ಏಕೆ ಕಾಣುವುದಿಲ್ಲ? ಅಲ್ಲಿಯವರೆಗೆ ಒಂದೊಂದು ಪಾಠ ಒಂದೊಂದು ಕೋಣೆ. ಭಿನ್ನರಾಶಿ ಬಾರದಿದ್ದರೂ ರೇಖಾಗಣಿತದ ಪ್ರಮೇಯ ಬರೆದು ಅಂಕ ಪಡೆಯಬಹುದು. ಒಂದೇ ಮಾದರಿಯ ಲೆಕ್ಕ ಹತ್ತು ಸಲ ಮಾಡಿ ನೆನಪಿಟ್ಟುಕೊಳ್ಳಬಹುದು. ಕ್ಯಾಲ್ಕುಲಸ್‌ನಲ್ಲಿ ಹಾಗಲ್ಲ. ಗೋಡೆಗೆ ಒರಗಿಸಿದ ಏಣಿಯ ಲೆಕ್ಕ ಕಾಲೇಜಿನ ಎಲ್ಲಾ ಮಕ್ಕಳಿಗೂ ಗೊತ್ತು. 5 ಮೀಟರ್ ಉದ್ದದ ಏಣಿ, ಬುಡ ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಜಾರುತ್ತಿದೆ. ಬುಡ ಗೋಡೆಯಿಂದ 4 ಮೀಟರ್ ದೂರವಿದ್ದಾಗ ತುದಿ ಯಾವ ವೇಗದಲ್ಲಿ ಇಳಿಯುತ್ತದೆ? ಇದಕ್ಕೆ ಮೊದಲು ಪೈಥಾಗೊರಸ್ ಪ್ರಮೇಯದಿಂದ ಎತ್ತರ 3 ಮೀಟರ್ ಎಂದು ತಿಳಿಯಬೇಕು, ಅವಕಲನ ಮಾಡಬೇಕು, ಸಮೀಕರಣ ಬಿಡಿಸಬೇಕು, ಭಿನ್ನರಾಶಿ ಗುಣಿಸಬೇಕು, ಕೊನೆಗೆ ಚಿಹ್ನೆ ನೋಡಿ ತುದಿ ಇಳಿಯುತ್ತಿದೆ ಎಂದು ಹೇಳಬೇಕು. ಉತ್ತರ ಸೆಕೆಂಡಿಗೆ ಮೂರರಲ್ಲಿ ಎಂಟು ಸೆಂಟಿಮೀಟರ್. ಐದು ತರಗತಿಗಳ ಗಣಿತ ಒಂದೇ ಲೆಕ್ಕದಲ್ಲಿ ಸಾಲಾಗಿ ಬರುತ್ತದೆ. ಒಂದು ಕೊಂಡಿ ಸಡಿಲವಿದ್ದರೂ ಸರಪಳಿ ಕಡಿಯುತ್ತದೆ. ಆಗ ಮಗು ಹೊಸ ಪಾಠವನ್ನು ದೂರುತ್ತದೆ, ಆಮೇಲೆ ತನ್ನನ್ನೇ ದೂರಿಕೊಳ್ಳುತ್ತದೆ.

ಹಿಂದೆ ತಿರುಗಿ ಕಲಿಯುವುದಕ್ಕೂ ಒಂದು ಕ್ರಮ ಬೇಕು. ಹಳೆಯ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಾ ಹೋದರೆ ಪ್ರಯೋಜನವಿಲ್ಲ. ಓದುವಾಗ ಎಲ್ಲವೂ ಗೊತ್ತಿರುವಂತೆಯೇ ಕಾಣುತ್ತದೆ. ಪುಸ್ತಕ ಮುಚ್ಚಿ ಲೆಕ್ಕ ಮಾಡಬೇಕು. ಮನೆಯಲ್ಲೇ ಮಾಡಬಹುದಾದ ಆರು ಪ್ರಶ್ನೆ ಹೇಳುತ್ತೇವೆ, ಮಕ್ಕಳು ಬರೆದುಕೊಳ್ಳಿ. ಒಂದು, ಮೂರನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗ ಕಳೆದರೆ ಎಷ್ಟು? ಎರಡು, 7ರಿಂದ, ಆವರಣದೊಳಗಿನ 3 ಮೈನಸ್ 5ನ್ನು ಕಳೆದರೆ ಎಷ್ಟು? ಮೂರು, ಎಕ್ಸ್ ಪ್ಲಸ್ 5ರ ವರ್ಗ ಬಿಡಿಸಿ. ನಾಲ್ಕು, ಎರಡರ ಮೇಲೆ ಮೈನಸ್ 3 ಎಷ್ಟು? ಐದು, 6ನ್ನು ಒಂದೂವರೆಯಿಂದ ಭಾಗಿಸಿದರೆ ಎಷ್ಟು? ಆರು, 9 ಮತ್ತು 16ರ ಮೊತ್ತದ ವರ್ಗಮೂಲ ಎಷ್ಟು? ಉತ್ತರಗಳು ಕ್ರಮವಾಗಿ ಹನ್ನೆರಡರಲ್ಲಿ ಒಂದು, 9, ಎಕ್ಸ್ ವರ್ಗ, ಹತ್ತು ಎಕ್ಸ್ ಮತ್ತು 25ರ ಮೊತ್ತ, ಎಂಟರಲ್ಲಿ ಒಂದು, 4, ಮತ್ತು 5. ಕ್ಯಾಲ್ಕುಲೇಟರ್ ಇಲ್ಲದೆ, ತಡವರಿಸದೆ ಆರೂ ಬಂದರೆ ಸಂತೋಷ. ಒಂದು ತಪ್ಪಿದರೂ ಅಲ್ಲಿಂದಲೇ ಆರಂಭಿಸಿ.

ತಪ್ಪಿದ ಲೆಕ್ಕವನ್ನು ಅಳಿಸಬಾರದು. ಅದಕ್ಕೆಂದೇ ಒಂದು ಪುಸ್ತಕ ಇಡಬೇಕು. ಎಡಗಡೆ ತಪ್ಪಿದ ಸಾಲು, ಬಲಗಡೆ ಸರಿಯಾದ ಸಾಲು, ಕೆಳಗೆ ಏಕೆ ತಪ್ಪಿತು ಎಂದು ತನ್ನದೇ ಮಾತಿನಲ್ಲಿ ಒಂದು ವಾಕ್ಯ. ಸಂಶಯ ಬಂದಲ್ಲಿ ಅಕ್ಷರದ ಬದಲು ಸಂಖ್ಯೆ ಹಾಕಿ ನೋಡಬೇಕು. ಎಕ್ಸ್ ಜಾಗದಲ್ಲಿ 1 ಹಾಕಿದರೆ ಎಕ್ಸ್ ಪ್ಲಸ್ 5ರ ವರ್ಗ 36. ನಡುವಿನ ಪದ ಬಿಟ್ಟವನಿಗೆ 26 ಬರುತ್ತದೆ. ಯಾವ ಮಾಸ್ಟ್ರೂ ಬೇಡ, ತಪ್ಪು ತಾನೇ ಎದ್ದು ನಿಲ್ಲುತ್ತದೆ. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ದಿನವೂ ಬೇಕು.

ಇದು ಎಲ್ಲವನ್ನೂ ಸರಿಪಡಿಸುವ ಮಂತ್ರ ಎಂದು ನಾವು ಹೇಳುವುದಿಲ್ಲ. ಛೇದದ ಹುಡುಗಿ ಗಣಿತದಲ್ಲಿ ಪಾಸಾದಳು, ಜಿಲ್ಲೆಗೆ ಮೊದಲ ಸ್ಥಾನವೇನೂ ಬರಲಿಲ್ಲ. ಈಗ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳು ತಮ್ಮನ ಏಳನೇ ತರಗತಿಯ ಪುಸ್ತಕ ಇಟ್ಟುಕೊಂಡು ಲೆಕ್ಕ ಮಾಡುವಾಗ ಮನೆಗೆ ಬಂದ ನೆಂಟರು, ಇಷ್ಟು ದೊಡ್ಡವಳಾಗಿ ಇದನ್ನು ಓದುವುದೇ ಎಂದಿದ್ದರಂತೆ. ಅವಳ ಉಮ್ಮ, "ತಮ್ಮನಿಗೆ ಹೇಳಿಕೊಡುತ್ತಿದ್ದಾಳೆ" ಎಂದು ಹೇಳಿ ಮಾತು ಮುಗಿಸಿದರಂತೆ. ಆ ತಾಯಿಗೆ ನಾವು ಇವತ್ತು ಕೃತಜ್ಞತೆ ಹೇಳುತ್ತೇವೆ. ಇನ್ನೊಬ್ಬ ಹುಡುಗ ಮೂರನೇ ಭಾನುವಾರದ ನಂತರ ಬರಲಿಲ್ಲ. ಕೇಳಿದರೆ, ಭಾನುವಾರ ಕೇಟರಿಂಗ್ ಕೆಲಸಕ್ಕೆ ಹೋದರೆ ಮನೆಗೆ ಆ ದಿನದ ಹಣ ಸಿಗುತ್ತದೆ ಎಂದ. ಅವನಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಉತ್ತರ ನಿಮ್ಮ ಬಳಿ ಇದೆ, ಅದಕ್ಕೆ ಆಮೇಲೆ ಬರುತ್ತೇವೆ.

ಹಿಂದೆ ಹೋಗಿ ಮುರಿದದ್ದನ್ನು ಕೂಡಿಸುವುದು ಗಣಿತಕ್ಕೆ ಹೊಸದಲ್ಲ. ಆಲ್ಜಿಬ್ರಾ ಎಂಬ ಪದ ಅಲ್-ಜಬ್ರ್ ಎಂಬ ಅರಬಿ ಪದದಿಂದ ಬಂದದ್ದು. ಸುಮಾರು 820ರಲ್ಲಿ ಬಗ್ದಾದಿನಲ್ಲಿ ಅಲ್-ಖ್ವಾರಿಝ್ಮಿ ಬರೆದ ಪುಸ್ತಕದ ಹೆಸರಿನಲ್ಲಿ ಆ ಪದವಿದೆ. ಆಸ್ತಿ ಪಾಲು, ವ್ಯಾಪಾರ, ಭೂಮಿಯ ಅಳತೆ ಇಂಥ ದಿನನಿತ್ಯದ ಅಗತ್ಯಕ್ಕಾಗಿ ಬರೆದ ಪುಸ್ತಕ ಅದು. ಸಮೀಕರಣದ ಒಂದು ಬದಿಯಲ್ಲಿ ಕಳೆದದ್ದನ್ನು ಎರಡೂ ಬದಿಗೆ ಕೂಡಿಸಿ ಸರಿಮಾಡುವುದು ಜಬ್ರ್. ಮುರಿದ ಮೂಳೆಯನ್ನು ಕೂಡಿಸುವುದಕ್ಕೂ ಅರಬಿಯಲ್ಲಿ ಅದೇ ಪದ. ಅದೇ ಶತಮಾನದಲ್ಲಿ, ನಮ್ಮ ಕನ್ನಡ ನಾಡನ್ನಾಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಭಿನ್ನರಾಶಿಗೆ ವಿಸ್ತಾರವಾದ ಜಾಗವಿದೆ. ಅಷ್ಟು ದೊಡ್ಡವರು ಭಿನ್ನರಾಶಿಯನ್ನು ಚಿಕ್ಕದೆಂದು ಬಿಡಲಿಲ್ಲ. ನಮ್ಮ ಮಕ್ಕಳು ಅದಕ್ಕೆ ಮರಳಿ ಹೋಗುವುದರಲ್ಲಿ ನಾಚಿಕೆ ಏನು?

ಈಗ ಪೋಷಕರಲ್ಲಿ ಒಂದು ವಿನಂತಿ. ನಿಮಗೆ ಲೆಕ್ಕ ಬರಬೇಕಾಗಿಲ್ಲ. ಮಗು ಹಳೆಯ ಪುಸ್ತಕ ತೆಗೆದರೆ ಬೈಯಬೇಡಿ. ಅಕ್ಕನಿಗೆ ಬಂತು, ನಿನಗೇಕೆ ಬರುವುದಿಲ್ಲ ಎಂದು ಹೋಲಿಸಬೇಡಿ. ಸಂಜೆ ಅರ್ಧ ಗಂಟೆ ಮನೆಗೆಲಸದಿಂದ, ಅಂಗಡಿಯ ಕೆಲಸದಿಂದ ಬಿಡುವು ಕೊಡಿ, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ಇವತ್ತು ಯಾವ ತಪ್ಪು ಹುಡುಕಿದೆ ಎಂದು ಕೇಳಿ. ಅಷ್ಟು ಕೇಳಿದರೆ ಸಾಕು.

ಕೊನೆಗೆ ದಾನಿಗಳಲ್ಲಿ ಮತ್ತು ಟ್ರಸ್ಟಿನ ಹಿರಿಯರಲ್ಲಿ ಎರಡು ಮಾತು.

ಮೊದಲನೆಯದು ನಿಯಮದ ಬಗ್ಗೆ. ದಾನಿಗಳ ಹಣ ಅಮಾನತ್ತು, ಫಲಿತಾಂಶ ಕೇಳುವುದು ಟ್ರಸ್ಟಿನ ಕರ್ತವ್ಯ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಗಣಿತದಲ್ಲಿ ಒಂದು ಸಲ ಎಡವಿದ ಮಗುವಿನ ಹಣ ತಕ್ಷಣ ನಿಲ್ಲಿಸಿದರೆ, ಅದುವರೆಗೆ ಕೊಟ್ಟ ಹಣವೂ ನೀರಿಗೆ ಹೋಗುತ್ತದೆ. ಮಗು ಈ ತರಗತಿಗೆ ತಪ್ಪದೆ ಬಂದು ಮತ್ತೆ ಪರೀಕ್ಷೆ ಬರೆಯುವುದಾದರೆ ವಿದ್ಯಾರ್ಥಿವೇತನ ಒಂದು ವರ್ಷ ಉಳಿಸಿಕೊಳ್ಳಲು ಅವಕಾಶ ಕೊಡಿ. ಟೈಲ್ಸ್ ಅಂಗಡಿಯ ಹುಡುಗನಿಗೆ ಆ ಒಂದು ವರ್ಷ ಸಿಕ್ಕಿದ್ದರೆ ಸಾಕಿತ್ತು. ಕಳೆದ ಸಭೆಯಲ್ಲಿ ಹಿರಿಯರೊಬ್ಬರು, ನಿಮ್ಮ ಆ ಆರು ಪ್ರಶ್ನೆಗಳನ್ನೇ ಆಯ್ಕೆ ಪರೀಕ್ಷೆ ಮಾಡಿ, ಉತ್ತರಿಸಿದವರಿಗೆ ಮಾತ್ರ ಹಣ ಕೊಡೋಣ ಎಂದರು. ವಿನಯದಿಂದ ಬೇಡ ಎಂದೆವು. ಹಣ ಹೋಗುತ್ತದೆಂಬ ಹೆದರಿಕೆ ಇದ್ದರೆ ಮಕ್ಕಳು ತಪ್ಪನ್ನು ಮುಚ್ಚಿಡುತ್ತಾರೆ. ತಪ್ಪು ಕಾಣದಿದ್ದರೆ ನಾವು ಸರಿಪಡಿಸುವುದು ಏನನ್ನು? ಆ ಪ್ರಶ್ನೆಗಳ ಅಂಕ ನೋಡಿ ಯಾರಿಗೂ ವಿದ್ಯಾರ್ಥಿವೇತನ ಕೊಡುವುದೂ ಬೇಡ, ತಡೆಯುವುದೂ ಬೇಡ.

ಎರಡನೆಯದು ಭಾನುವಾರ ಕೆಲಸಕ್ಕೆ ಹೋಗುವ ಮಕ್ಕಳ ಬಗ್ಗೆ. ನಮಗೆ ಮೂವರಿಗೂ ಸಂಭಾವನೆ ಬೇಡ. ಕೋಣೆ ಇದೆ, ಬೋರ್ಡ್ ಇದೆ. ಆ ಮಕ್ಕಳು ಬಿಡುವ ಆರು ದಿನದ ಕೂಲಿಯಷ್ಟು ಮತ್ತು ಬಸ್ಸಿನ ಖರ್ಚಿನಷ್ಟು ಹಣವನ್ನು ಯಾರಾದರೂ ವಹಿಸಿಕೊಂಡರೆ ಸಾಕು. ಒಂದು ವರ್ಷದ ಕಾಲೇಜು ಶುಲ್ಕದ ಮುಂದೆ ಅದು ಬಹಳ ಚಿಕ್ಕ ಮೊತ್ತ. ಆ ಶುಲ್ಕ ವ್ಯರ್ಥವಾಗದಂತೆ ಕಾಯುವುದೂ ಅದೇ.

ಮಕ್ಕಳೇ, ಈ ಸಾಲಿನ ತರಗತಿ ಕಾಲೇಜು ತೆರೆಯುವ ಮೊದಲಿನ ಆರು ಭಾನುವಾರ, ಬೆಳಿಗ್ಗೆ 10ರಿಂದ 12.30ರವರೆಗೆ. ಮೊದಲ ವಾರ ಭಿನ್ನರಾಶಿ ಮತ್ತು ಚಿಹ್ನೆಗಳು, ಎರಡನೇ ವಾರ ಆವರಣ ಮತ್ತು ಅಪವರ್ತನ, ಮೂರನೇ ವಾರ ಘಾತಾಂಕ ಮತ್ತು ವರ್ಗಮೂಲ, ನಾಲ್ಕನೇ ವಾರ ಸಮೀಕರಣ ಮತ್ತು ನಕ್ಷೆ, ಐದನೇ ವಾರ ತ್ರಿಕೋನಮಿತಿ, ಆರನೇ ವಾರ ಫಂಕ್ಷನ್ ಮತ್ತು ತೆಂಗಿನಕಾಯಿಯ ಲೆಕ್ಕ ಮತ್ತೊಮ್ಮೆ. ದ್ವಿತೀಯ ಪಿಯುಸಿಗೆ, ಎಂಜಿನಿಯರಿಂಗಿಗೆ ಹೋಗುವವರು ಮತ್ತು ಡಿಪ್ಲೊಮಾ ಮುಗಿಸಿದವರು ಬನ್ನಿ. ಅರ್ಜಿ ನಮೂನೆಯ ಜೊತೆ ಹೆಸರು ಕೊಡಿ. ಬರುವಾಗ ಎರಡು ನೋಟ್ ಪುಸ್ತಕ, ಮನೆಯಲ್ಲಿ ಇದ್ದರೆ ಏಳು ಮತ್ತು ಎಂಟನೇ ತರಗತಿಯ ಹಳೆಯ ಗಣಿತ ಪುಸ್ತಕ ತನ್ನಿ. ಇಲ್ಲದಿದ್ದರೆ ನಮ್ಮಲ್ಲಿವೆ.

ಟೈಲ್ಸ್ ಅಂಗಡಿಯ ಆ ಹುಡುಗ ಕಳೆದ ವರ್ಷ ಒಂದು ಭಾನುವಾರ ನಮ್ಮ ಕೋಣೆಗೆ ಬಂದಿದ್ದ. ತನ್ನ ತಂಗಿಯನ್ನು ಬಿಡಲು ಬಂದವನು ಬಾಗಿಲ ಬಳಿ ನಿಂತು ಬೋರ್ಡಿನ ಮೇಲಿದ್ದ ಲೆಕ್ಕ ನೋಡಿದ. ಆವರಣದ ಮುಂದೆ ಮೈನಸ್ ಇತ್ತು. ಒಳಗೆ ಬಾ ಎಂದು ಕರೆದು ಚಾಕ್‌ಪೀಸ್ ಕೊಟ್ಟೆವು. ಎರಡೂ ಪದಗಳ ಚಿಹ್ನೆ ಬದಲಾಯಿಸಿ ಸರಿಯಾಗಿ ಬರೆದ. ಆಮೇಲೆ ಅಂಗಡಿಗೆ ಹೊತ್ತಾಯಿತೆಂದು ಹೋದ. ಅವನಿಗೆ ನಾವು ತಡವಾಗಿ ಕಲಿಸಿದೆವು. ಅವನ ತಂಗಿ ಈ ವರ್ಷದ ಪಟ್ಟಿಯಲ್ಲಿದ್ದಾಳೆ.